ಗೇರ್‌ಬಾಕ್ಸಿಗೆ ಕೂಲಂಟ್ ಇಳಿದಾಗ

ಆಟೋಮ್ಯಾಟಿಕ್ ಕಾರಿನ ಗೇರ್ ಆಯಿಲ್ ಸಾಮಾನ್ಯವಾಗಿ ಕೆಂಪಗಿರುತ್ತದೆ. ಅದು ಆಯಿಲಿನ ಸ್ವಂತ ಬಣ್ಣವಲ್ಲ. ಗಾಡಿ ಕೆಳಗೆ ಹನಿ ಬಿದ್ದರೆ ಎಂಜಿನ್ ಆಯಿಲೋ ಗೇರ್ ಆಯಿಲೋ ಅಂತ ಕಂಡಕೂಡಲೇ ತಿಳಿಯಲಿ ಎಂದು ಬೆರೆಸುವ ಬಣ್ಣ. ಹೊಸ ಆಯಿಲನ್ನು ಗಾಜಿನ ಲೋಟಕ್ಕೆ ಹಾಕಿ ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುತ್ತದೆ. ಹಳೆಯದಾದರೆ ಕಂದಾಗುತ್ತದೆ, ಸುಟ್ಟಿದ್ದರೆ ಕಪ್ಪಾಗಿ ಕಮಟು ವಾಸನೆ ಬರುತ್ತದೆ. ಆದರೆ ಬೀಟ್‌ರೂಟ್ ತಂಬುಳಿಯ ಹಾಗೆ ಆಚೆ ಬದಿ ಕಾಣದ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಬಹುಮಟ್ಟಿಗೆ ಒಂದೇ ಅರ್ಥ: ಅದಕ್ಕೆ ರೇಡಿಯೇಟರಿನ ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವ, ಸೇರಿದೆ. ನಮ್ಮ ಗಾಡಿಯಲ್ಲಿ ಆದದ್ದು ಇದೇ. ಮಲೆನಾಡಿನಲ್ಲಿ ಈಗ ಆಟೋಮ್ಯಾಟಿಕ್ ಗಾಡಿಗಳು ಜಾಸ್ತಿಯಾಗಿವೆ, ಅದರಲ್ಲೂ ಸೆಕೆಂಡ್ ಹ್ಯಾಂಡ್ ಗಾಡಿಗಳು. ಹಾಗಾಗಿ ನಡೆದದ್ದನ್ನೆಲ್ಲ ಬರೆದಿಡುತ್ತಿದ್ದೇನೆ.

ನನ್ನ ಎಡಗಾಲಿನ ಮಂಡಿ ಆಪರೇಷನ್ ಆದ ಮೇಲೆ ಘಾಟಿಯಲ್ಲಿ ಕ್ಲಚ್ ತುಳಿಯುವುದು ಕಷ್ಟವಾಗಿತ್ತು. ಅಮ್ಮನನ್ನು ಆಗಾಗ ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ತೀರ್ಥಹಳ್ಳಿ ಕಡೆಯವರಿಗೆ ಮಣಿಪಾಲ ಅಂದರೆ ಆಗುಂಬೆ ಘಾಟಿ, ಅದರ ಹದಿನಾಲ್ಕು ತಿರುವು. ಅದಕ್ಕೇ ಬೆಂಗಳೂರಿನಿಂದ ಹಳೆಯ ಡೀಸೆಲ್ ಗಾಡಿಯೊಂದನ್ನು ತಂದಿದ್ದೆವು. ಏಳು ಸೀಟು, ಐದು ಗೇರಿನ ಆಟೋಮ್ಯಾಟಿಕ್, ಶಕ್ತಿ ಹೋಗುವುದು ಹಿಂದಿನ ಚಕ್ರಕ್ಕೆ. ಎಂಜಿನ್ ಗಟ್ಟಿಯಾಗಿತ್ತು, ಓಡಿಸಲು ಹಿತವಾಗಿತ್ತು.

ಮೊದಲ ಸುಳಿವು ಸಿಕ್ಕಿದ್ದು ಶಿವಮೊಗ್ಗದಿಂದ ಊರಿಗೆ ಬರುವ ದಾರಿಯಲ್ಲಿ. ಗಾಜನೂರು, ಸಕ್ರೆಬೈಲು ದಾಟಿ ಮಂಡಗದ್ದೆ ಹತ್ತಿರ ನೇರ ರಸ್ತೆಯಲ್ಲಿ ಅರವತ್ತರ ವೇಗದಲ್ಲಿ ಹೋಗುವಾಗ ಗಾಡಿ ಸಣ್ಣಗೆ ನಡುಗಿತು. ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ನಡುಕ ನಿಲ್ಲುತ್ತಿತ್ತು, ಕಾಲು ಸಡಿಲಿಸಿ ಹಗುರವಾಗಿ ಇಟ್ಟರೆ ಮತ್ತೆ ಶುರು. ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದೆ. ಹೋಗಲಿಲ್ಲ. ಟೈರಿನ ತೊಂದರೆಯಾಗಿದ್ದರೆ ಆ ವೇಗಕ್ಕೆ ಬಂದಾಗಲೆಲ್ಲ ನಡುಗಬೇಕಿತ್ತು, ಕಾಲಿನ ಒತ್ತಡಕ್ಕೂ ಅದಕ್ಕೂ ಸಂಬಂಧ ಇರಬಾರದು. ಇದು ಕಾಲಿನ ಜೊತೆ ಬದಲಾಗುತ್ತಿತ್ತು. ಅದೇ ಹೊತ್ತಿಗೆ ಕೂಲಂಟ್ ಡಬ್ಬಿಯ ಮಟ್ಟ ಸ್ವಲ್ಪ ಇಳಿದಿತ್ತು. ಕೆಳಗೆ ಎಲ್ಲೂ ಹನಿ ಇಲ್ಲ, ಹೋಸ್ ಒದ್ದೆ ಇಲ್ಲ, ಸೈಲೆನ್ಸರಿನಲ್ಲಿ ಬಿಳಿ ಹೊಗೆ ಇಲ್ಲ, ಎಂಜಿನ್ ಆಯಿಲ್ ಶುದ್ಧವಾಗಿತ್ತು. ನಡುಕ ಮತ್ತು ಕೂಲಂಟ್ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದ ಮೆಕ್ಯಾನಿಕ್ ಊರಲ್ಲಿ ಯಾರೂ ಸಿಗಲಿಲ್ಲ.

ಗಾಡಿ ಕೈಕೊಟ್ಟಿದ್ದು ಘಾಟಿಯಲ್ಲೇ. ಮಣಿಪಾಲದಿಂದ ವಾಪಸು ಬರುತ್ತಿದ್ದೆವು. ಸೋಮೇಶ್ವರ ದಾಟಿ ತಿರುವುಗಳು ಶುರುವಾದವು. ಮಳೆ ಹೊಯ್ಯುತ್ತಿತ್ತು. ಮೇಲಿನ ತಿರುವುಗಳಿಗೆ ಬರುವಷ್ಟರಲ್ಲಿ ಎಂಜಿನ್ ಸದ್ದು ಮಾತ್ರ ಏರುತ್ತಿತ್ತು, ಗಾಡಿ ಮುಂದೆ ಹೋಗುತ್ತಿರಲಿಲ್ಲ. ಗೇರ್ ಜಾರುತ್ತಿತ್ತು. ಡ್ಯಾಶ್‌ಬೋರ್ಡಿನಲ್ಲಿ ಗೇರ್ ಆಯಿಲ್ ಬಿಸಿಯ ದೀಪ ಹೊತ್ತಿತು. ತಿರುವಿನಲ್ಲಿ ನಿಲ್ಲಿಸುವ ಹಾಗಿರಲಿಲ್ಲ. ಹೇಗೋ ತೆವಳಿಕೊಂಡು ಮೇಲೆ ಬಂದು, ಆಗುಂಬೆ ಊರು ಸಿಗುವ ಮೊದಲೇ ಅಗಲವಾದ ಜಾಗ ನೋಡಿ ನಿಲ್ಲಿಸಿದೆ.

ತಣ್ಣಗಾಗುವ ತನಕ ಕಾದು ಬಾನೆಟ್ ಎತ್ತಿದೆ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳಕ್ಕೆ ಯಾರೂ ಕೈ ಹಾಕಬೇಡಿ, ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ. ಕೂಲಂಟ್ ಡಬ್ಬಿಯ ಒಳಗೆ ಅಂಚಿನ ಸುತ್ತ ಕಂದುಗೆಂಪು ಜಿಡ್ಡು ಕಟ್ಟಿತ್ತು. ಗೇರ್ ಆಯಿಲಿನ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ಎಳೆದೆ. ಈಗಿನ ಎಷ್ಟೋ ಗಾಡಿಗಳಲ್ಲಿ ಈ ಡಿಪ್‌ಸ್ಟಿಕ್ ಕೊಡುವುದೇ ಇಲ್ಲ, ಲಿಫ್ಟಿಗೆ ಹತ್ತಿಸಿ ಬದಿಯ ಬೋಲ್ಟ್ ಬಿಚ್ಚಿ ನೋಡಬೇಕು. ನಮ್ಮದರಲ್ಲಿ ಇತ್ತು. ಬಿಳಿ ಕರವಸ್ತ್ರಕ್ಕೆ ಒರೆಸಿದೆ. ಗುಲಾಬಿ ನೊರೆ. ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡುವುದಿಲ್ಲ ಅಂತ ಅಲ್ಲೇ ತೀರ್ಮಾನ ಮಾಡಿದೆ. ಅಮ್ಮನನ್ನು ತೀರ್ಥಹಳ್ಳಿ ಬಸ್ಸಿಗೆ ಹತ್ತಿಸಿದೆ.

ಅಲ್ಲಿ ಪರಿಚಯದವರೊಬ್ಬರು ಜೀಪ್ ತಂದರು. ಒಳ್ಳೆಯ ಮನಸ್ಸಿನಿಂದಲೇ, "ಎಂತ ಮಾರಾಯ್ರೆ, ಮಳೆಯಲ್ಲಿ ಎಷ್ಟು ಹೊತ್ತು ನಿಲ್ತೀರಿ? ಹಗ್ಗ ಹಾಕಿ ತೀರ್ಥಹಳ್ಳಿ ತನಕ ಎಳೆದು ಬಿಡುವ" ಅಂದರು. ಮ್ಯಾನುಯಲ್ ಗಾಡಿಯಾಗಿದ್ದರೆ ನ್ಯೂಟ್ರಲಿಗೆ ಹಾಕಿ ಎಳೆಯಬಹುದಿತ್ತು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಪಂಪನ್ನು ತಿರುಗಿಸುವುದು ಎಂಜಿನ್. ಎಂಜಿನ್ ನಿಂತಿರುವಾಗ ಹಿಂದಿನ ಚಕ್ರ ಉರುಳಿದರೆ ಒಳಗಿನ ಭಾಗಗಳು ಆಯಿಲ್ ಇಲ್ಲದೆ ತಿರುಗುತ್ತವೆ. ಮೂವತ್ತು ಕಿಲೋಮೀಟರಿಗೂ ಜಾಸ್ತಿ ದೂರ ಹಾಗೆ ಎಳೆದರೆ ಉಳಿದಿದ್ದ ಬೇರಿಂಗ್‌ಗಳೂ ಹೋಗುತ್ತಿದ್ದವು. ಇದನ್ನು ಅವರಿಗೆ ವಿವರಿಸಿದೆ, ಒಪ್ಪಿದರು. ಅವರ ಜೀಪಿನಲ್ಲೇ ನೆಟ್‌ವರ್ಕ್ ಸಿಗುವ ಕಡೆ ಹೋಗಿ ಶಿವಮೊಗ್ಗದಿಂದ ಫ್ಲ್ಯಾಟ್‌ಬೆಡ್ ತರಿಸಿದೆವು. ಗಾಡಿಯ ನಾಲ್ಕೂ ಚಕ್ರ ಅದರ ಮೇಲೆ. ಬರುವುದರೊಳಗೆ ಕತ್ತಲಾಗಿತ್ತು.

ಶಿವಮೊಗ್ಗದಲ್ಲಿ ಮೊದಲು ಹೋದ ವರ್ಕ್‌ಶಾಪಿನಲ್ಲಿ ಗೇರ್ ಆಯಿಲ್ ನೋಡಿದ ಕೂಡಲೇ "ಗೇರ್‌ಬಾಕ್ಸ್ ಹೋಗಿದೆ, ಹೊಸದು ತರಿಸಬೇಕು" ಅಂದರು. ನಾಲ್ಕು ಲಕ್ಷ ದಾಟಿದ ಎಸ್ಟಿಮೇಟ್ ಕೊಟ್ಟರು. ಎಸ್ಟಿಮೇಟಿನಲ್ಲಿ ರೇಡಿಯೇಟರ್ ಇರಲಿಲ್ಲ. ಕೂಲಂಟ್ ಎಲ್ಲಿಂದ ಒಳಗೆ ಬಂತು ಎಂದು ಕೇಳಿದರೆ, "ಘಾಟಿ ಓಡಿಸ್ತೀರಲ್ಲ ಸರ್, ಬಿಸಿ ಆಗಿ ಹಂಗಾಗತ್ತೆ" ಎಂಬ ಉತ್ತರ ಬಂತು. ಬಿಸಿಯಿಂದ ಆಯಿಲ್ ಸುಡಬಹುದು. ಬಿಸಿಯಿಂದ ಆಯಿಲಿನೊಳಗೆ ನೀರು ಹುಟ್ಟುವುದಿಲ್ಲ. ಸೋರುವ ಜಾಗ ಹಾಗೇ ಇದ್ದರೆ ಹೊಸ ಗೇರ್‌ಬಾಕ್ಸಿಗೂ ಇದೇ ಗತಿ ಅಲ್ವಾ? ಗಾಡಿಯನ್ನು ಅಲ್ಲಿಂದ ಎತ್ತಿಸಿದೆ.

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ನನ್ನ ಹಳೆಯ ಮಾರುತಿ ನೋಡುತ್ತಿದ್ದ ಭಾಯ್ ಒಬ್ಬರಿದ್ದಾರೆ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚುವುದಿಲ್ಲ ಎಂದು ಅವರು ಮೊದಲೇ ಹೇಳುತ್ತಾರೆ. ಆದರೆ ಒಂದು ತೊಂದರೆಯ ಮೂಲ ಹುಡುಕುವುದರಲ್ಲಿ ಅವರಷ್ಟು ತಾಳ್ಮೆ ಇರುವವರನ್ನು ನಾನು ನೋಡಿಲ್ಲ. ಅವರು ಮೊದಲು ಮಾಡಿದ್ದು ಬಹಳ ಸರಳವಾದ ಪರೀಕ್ಷೆ. ಕಬ್ಬಿಣದ ತಗಡೊಂದನ್ನು ಸ್ಟವ್ ಮೇಲೆ ಕಾಯಿಸಿ ಎರಡು ಹನಿ ಗೇರ್ ಆಯಿಲ್ ಬಿಟ್ಟರು. ಚಟಪಟ ಅಂತ ಸಿಡಿಯಿತು. ಪಕ್ಕದಲ್ಲೇ ಹೊಸ ಆಯಿಲಿನ ಹನಿ ಬಿಟ್ಟರು. ಅದು ಸುಮ್ನೆ ಹರಡಿ ಹೊಗೆಯಾಡಿತು. "ನೀರಿದೆ ಸರ್, ಅನುಮಾನವೇ ಇಲ್ಲ. ಎಲ್ಲಿಂದ ಬಂತು ನೋಡೋಣ" ಅಂದರು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಗೇರ್‌ಬಾಕ್ಸಿಗೂ ಕೂಲಂಟಿಗೂ ಎಂತ ಸಂಬಂಧ ಎಂದು ನನ್ನನ್ನು ತುಂಬಾ ಜನ ಕೇಳಿದರು. ಆಟೋಮ್ಯಾಟಿಕ್‌ನಲ್ಲಿ ಎಂಜಿನ್‌ಗೂ ಗೇರ್‌ಗೂ ನಡುವೆ ಟಾರ್ಕ್ ಕನ್ವರ್ಟರ್ ಎಂಬ ದೊಡ್ಡ ಡಬ್ಬಿ ಇರುತ್ತದೆ. ಅದರೊಳಗೆ ಆಯಿಲೇ ಶಕ್ತಿಯನ್ನು ದಾಟಿಸುತ್ತದೆ. ಆಯಿಲ್ ಹೀಗೆ ಕಡೆಯಿಸಿಕೊಂಡಾಗ ಬಿಸಿಯಾಗುತ್ತದೆ, ಏರು ಹತ್ತುವಾಗ ಇನ್ನೂ ಜಾಸ್ತಿ. ಆ ಬಿಸಿ ತೆಗೆಯಲು ಎರಡು ಪೈಪಿನಲ್ಲಿ ಆಯಿಲನ್ನು ಮುಂದಕ್ಕೆ ಒಯ್ದು ರೇಡಿಯೇಟರಿನ ಟ್ಯಾಂಕಿನೊಳಗೇ ಕೂರಿಸಿರುವ ಸಣ್ಣ ಕೂಲರಿನ ಮೂಲಕ ಹಾಯಿಸುತ್ತಾರೆ. ಕೂಲರಿನ ಒಳಗೆ ಆಯಿಲ್, ಹೊರಗೆ ಕೂಲಂಟ್, ನಡುವೆ ಒಂದು ತೆಳು ಲೋಹದ ಗೋಡೆ ಮಾತ್ರ. ಆ ಗೋಡೆ ತುಕ್ಕು ತಿಂದೋ ಬೆಸುಗೆ ಬಿಟ್ಟೋ ಸೀಳಿದರೆ ಎರಡೂ ಬೆರೆಯುತ್ತವೆ. ಎಲ್ಲ ಗಾಡಿಗಳಲ್ಲೂ ಹೀಗೆ ಇರುವುದಿಲ್ಲ. ಕೆಲವಕ್ಕೆ ಗೇರ್‌ಬಾಕ್ಸಿನ ಮೈಮೇಲೇ ಕೂಲರ್ ಕೂರಿಸಿ ಕೂಲಂಟನ್ನು ಅಲ್ಲಿಗೆ ಒಯ್ಯುತ್ತಾರೆ, ಕೆಲವಕ್ಕೆ ಗಾಳಿಯಿಂದ ತಣಿಯುವ ಕೂಲರ್ ಬೇರೆಯಾಗಿಯೇ ಇರುತ್ತದೆ.

ಬೆರೆಯುವ ರೀತಿ ನನಗೆ ಹೊಸದಾಗಿತ್ತು. ಎಂಜಿನ್ ಓಡುವಾಗ ಸಾಮಾನ್ಯವಾಗಿ ಆಯಿಲಿನ ಒತ್ತಡ ಜಾಸ್ತಿ, ಹಾಗಾಗಿ ಆಯಿಲ್ ಕೂಲಂಟಿಗೆ ಹೋಗುತ್ತದೆ. ನಮ್ಮ ಡಬ್ಬಿಯ ಜಿಡ್ಡು ಬಂದಿದ್ದು ಹಾಗೆ. ಎಂಜಿನ್ ಆಫ್ ಮಾಡಿದ ಕೂಡಲೇ ಪಂಪ್ ನಿಂತು ಆಯಿಲಿನ ಒತ್ತಡ ಸೊನ್ನೆಗೆ ಇಳಿಯುತ್ತದೆ. ಕೂಲಂಟ್ ಮಾತ್ರ ಇನ್ನೂ ಕುದಿ ಬಿಸಿ. ರೇಡಿಯೇಟರ್ ಮುಚ್ಚಳದ ಮೇಲೆ 1.1 ಎಂದು ಬರೆದಿದ್ದರೆ ಅಷ್ಟು ಬಾರ್ ಒತ್ತಡದ ತನಕ ಅದು ಹಿಡಿದಿಡುತ್ತದೆ. ಟೈರಿಗೆ ಹಾಕುವ ಗಾಳಿಯ ಸುಮಾರು ಅರ್ಧ. ಆ ಒತ್ತಡ ಕೂಲಂಟನ್ನು ಸೀಳಿನ ಮೂಲಕ ಆಯಿಲಿನ ಕಡೆಗೆ ತಳ್ಳುತ್ತದೆ. ಅಂದರೆ ಗಾಡಿ ಓಡುವಾಗಲ್ಲ, ಪ್ರತಿ ಸಲ ಮನೆಯಂಗಳದಲ್ಲಿ ನಿಲ್ಲಿಸಿ ಚಾವಿ ತೆಗೆದ ಮೇಲೆ ಸ್ವಲ್ಪ ಸ್ವಲ್ಪವೇ ಒಳಗೆ ಇಳಿದಿದೆ.

ಭಾಯ್ ರೇಡಿಯೇಟರ್ ಕಳಚಿ, ಕೂಲರಿನ ಒಂದು ತೂತಿಗೆ ಬಿರಡೆ ಹಾಕಿ, ಇನ್ನೊಂದಕ್ಕೆ ಕಂಪ್ರೆಸರಿನ ಗಾಳಿ ಕೊಟ್ಟು ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಗುಳ್ಳೆ ಬರಲಿಲ್ಲ. ಹುಡುಗರು ರೇಡಿಯೇಟರ್ ಸರಿಯಿದೆ ಎಂದು ಎತ್ತಿಡಲು ಹೊರಟರು. ಭಾಯ್ ಬಿಡಲಿಲ್ಲ. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ ಟ್ಯಾಂಕಿನ ಒಳಗೆ ತುಂಬಿಸಿ ಮತ್ತೆ ಗಾಳಿ ಕೊಟ್ಟರು. ಸ್ವಲ್ಪ ಹೊತ್ತಿಗೆ ಸಣ್ಣ ಗುಳ್ಳೆಗಳ ಸಾಲು ಎದ್ದಿತು. ಬಿಸಿಯಾಗಿ ಲೋಹ ಹಿಗ್ಗಿದಾಗ ಮಾತ್ರ ಬಾಯಿ ಬಿಡುವ ಸೀಳು. ತಣ್ಣಗಿನ ಪರೀಕ್ಷೆಯನ್ನೇ ನಂಬಿದ್ದರೆ ಹಳೆಯ ರೇಡಿಯೇಟರನ್ನೇ ವಾಪಸು ಕೂರಿಸುತ್ತಿದ್ದೆವು. ಇಡೀ ಕೆಲಸದಲ್ಲಿ ನಮ್ಮನ್ನು ಉಳಿಸಿದ್ದು ಆ ಒಂದು ಪಾತ್ರೆ ಬಿಸಿನೀರು ಎಂದೇ ನಾನು ನಂಬಿದ್ದೇನೆ.

ಟ್ಯಾಂಕ್ ಬಿಚ್ಚಿ ನೋಡಿದರೆ ಒಳಗೆಲ್ಲ ಕಂದು ಹಕ್ಕಳೆ. ನಾವು ಕೊಳ್ಳುವ ಮೊದಲು ಗಾಡಿ ವರ್ಷಗಟ್ಟಲೆ ಬರೀ ನೀರಿನಲ್ಲೇ ಓಡಿದೆ ಎಂದು ಭಾಯ್ ಹೇಳಿದರು. ಕೂಲಂಟ್ ಎಂದರೆ ನೀರು ಹೆಪ್ಪುಗಟ್ಟದ ಹಾಗೆ ಹಾಕುವ ಮದ್ದು, ನಮ್ಮ ಕಡೆ ಹಿಮ ಬೀಳಲ್ಲವಲ್ಲ, ನೀರೇ ಸಾಕು ಎಂಬ ಮಾತು ಈಗಲೂ ಕೇಳುತ್ತೇನೆ. ಕೂಲಂಟಿನಲ್ಲಿ ಹೆಪ್ಪುಗಟ್ಟುವುದನ್ನು ತಡೆಯುವ ಗ್ಲೈಕಾಲ್ ಜೊತೆಗೆ ತುಕ್ಕು ತಡೆಯುವ ರಾಸಾಯನಿಕಗಳಿರುತ್ತವೆ. ಗಾಡಿಯ ಆಯುಷ್ಯಕ್ಕೆ ಅವು ಬಹಳ ಮುಖ್ಯ. ಅವೂ ವರ್ಷ ಕಳೆದಂತೆ ಸವೆದು ಹೋಗುತ್ತವೆ. ಕೂಲಂಟ್ ಬದಲಿಸಲು ಕಂಪನಿಯವರು ಗಡುವು ಕೊಡುವುದು ಅದಕ್ಕೇ. ಮಲೆನಾಡಿನ ಬಾವಿ ನೀರು, ಹಳ್ಳದ ನೀರು ಎಷ್ಟೇ ತಿಳಿಯಾಗಿರಲಿ, ಕುಡಿಯಲು ಎಷ್ಟೇ ಸಿಹಿಯಾಗಿರಲಿ, ಅದರಲ್ಲಿ ಈ ಮದ್ದು ಇಲ್ಲ. ಅಲ್ಯೂಮಿನಿಯಂ ಮತ್ತು ಬೆಸುಗೆ ನಿಧಾನಕ್ಕೆ ಕರಗುತ್ತವೆ.

ಒಬ್ಬ ರೇಡಿಯೇಟರ್ ಕೆಲಸದವರು ಕೂಲರಿಗೆ ಬೆಸುಗೆ ಹಾಕಿ ಕೊಡುತ್ತೇನೆ, ಕಡಿಮೆಗೆ ಆಗುತ್ತದೆ ಅಂದರು. ಹಿತ್ತಾಳೆ ರೇಡಿಯೇಟರ್ ಕಾಲದಲ್ಲಿ ಅದು ನಡೆಯುತ್ತಿತ್ತು. ಅಲ್ಯೂಮಿನಿಯಂ ಕೋರ್, ಪ್ಲಾಸ್ಟಿಕ್ ಟ್ಯಾಂಕಿನ ಈ ಕಾಲದ ರೇಡಿಯೇಟರಿಗೆ ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಬಿಡುತ್ತದೆ. ಹೊಸದೇ ತರಿಸಿದೆವು.

ಇನ್ನು ಗೇರ್‌ಬಾಕ್ಸ್. ತೊಳೆದರೆ ಸಾಕೋ, ಬಿಚ್ಚಲೇಬೇಕೋ? ಎಲ್ಲರೂ ಹೇಳಿದ್ದು "ಫ್ಲಶ್ ಮಾಡಿಸಿ, ಸರಿಹೋಗತ್ತೆ" ಎಂದೇ. ಅದರ ಲೆಕ್ಕ ಹಾಕಿ ನೋಡಿ. ನಮ್ಮ ಗೇರ್‌ಬಾಕ್ಸ್ ಹಿಡಿಯುವುದು ಸುಮಾರು 10 ಲೀಟರ್. ಕೆಳಗಿನ ಪ್ಯಾನ್ ಬಿಚ್ಚಿದರೆ ಬರುವುದು 4 ಲೀಟರ್. ಉಳಿದದ್ದು ಕನ್ವರ್ಟರಿನಲ್ಲಿ, ಪೈಪಿನಲ್ಲಿ, ಒಳಗಿನ ಸಂದಿಗಳಲ್ಲಿ ನಿಂತಿರುತ್ತದೆ. ಒಂದು ಸಲ ಬದಲಿಸಿದರೆ ಹಳೆಯದು ನೂರಕ್ಕೆ 60 ಉಳಿಯಿತು. ಎರಡನೇ ಸಲಕ್ಕೆ 36, ಮೂರನೇ ಸಲಕ್ಕೆ 22, ನಾಲ್ಕನೇ ಸಲಕ್ಕೆ 13. ಅಷ್ಟು ಹೊತ್ತಿಗೆ 16 ಲೀಟರ್ ಹೊಸ ಆಯಿಲ್ ಸುರಿದಾಗಿರುತ್ತದೆ. ಮಷೀನಿನಿಂದ ಮಾಡಿದರೆ ಇನ್ನೂ ಚೆನ್ನಾಗಿ ಹೋಗುತ್ತದೆ. ಆದರೆ ಹೋಗುವುದು ದ್ರವ ಮಾತ್ರ.

ಒಳಗಿನ ಕ್ಲಚ್ ಪ್ಲೇಟುಗಳು ಉಕ್ಕಿನ ಬಿಲ್ಲೆಗಳು. ಅವುಗಳ ಮೈಗೆ ಕಾಗದದಂಥ ನಾರಿನ ಲೈನಿಂಗನ್ನು ಅಂಟಿನಿಂದ ಕೂರಿಸಿರುತ್ತಾರೆ. ಆಯಿಲ್ ಹೀರಿಕೊಳ್ಳಲೆಂದೇ ಆ ಲೈನಿಂಗಿಗೆ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ನೀರು ಬಂದರೆ ಅದನ್ನೂ ಹೀರಿ ಊದಿಕೊಳ್ಳುತ್ತದೆ. ಗ್ಲೈಕಾಲ್ ಅಂಟನ್ನೇ ಮೆದು ಮಾಡುತ್ತದೆ. ಒಮ್ಮೆ ಅಂಟು ಸಡಿಲವಾದ ಮೇಲೆ ಎಷ್ಟು ತೊಳೆದರೂ ಅದು ಮತ್ತೆ ಹಿಡಿಯುವುದಿಲ್ಲ. ಕೂಲಂಟ್ ಸೇರಿದ ದಿನವೇ ಕಂಡುಹಿಡಿದು, ಗಾಡಿ ಓಡಿಸದೆ, ಅವತ್ತೇ ತೊಳೆದರೆ ಬಚಾವಾಗುವ ಸಾಧ್ಯತೆ ಇದೆ. ನಮ್ಮ ಗಾಡಿ ನಡುಗಲು ಶುರುವಾಗಿ ಘಾಟಿಯಲ್ಲಿ ಜಾರುವ ತನಕ ಬಂದಿತ್ತು. "ಫ್ಲಶ್ ಮಾಡಿ ಕೊಡಬಹುದು ಸರ್, ಇಲ್ಲಿ ಊರೊಳಗೆ ಓಡಿಸ್ತೀರಿ, ಚೆನ್ನಾಗೇ ಇರತ್ತೆ. ಆಮೇಲೆ ಒಂದು ದಿನ ಅಮ್ಮನ್ನ ಕೂರಿಸಿಕೊಂಡು ಅದೇ ಘಾಟಿಯಲ್ಲಿ ನಿಂತ್ರೆ?" ಎಂದು ಭಾಯ್ ಕೇಳಿದರು. ಬಿಚ್ಚಿಸುವುದೇ ಸರಿ ಅನ್ನಿಸಿತು.

ಇನ್ಶೂರೆನ್ಸ್ ಕೇಳಿದೆ. ಅಪಘಾತ ಆಗಿಲ್ಲ, ಸವೆತ ಮತ್ತು ಯಂತ್ರದ ಕೆಡುಕು ಸಾಮಾನ್ಯ ಪಾಲಿಸಿಯಲ್ಲಿ ಬರುವುದಿಲ್ಲ ಎಂದರು. ಪಾಲಿಸಿಯ ಪುಸ್ತಕದಲ್ಲೂ ಹಾಗೇ ಇದೆ.

ಭಾಯ್ ಗೇರ್‌ಬಾಕ್ಸ್ ಇಳಿಸಿ, ತೂತುಗಳನ್ನೆಲ್ಲ ಪ್ಲಾಸ್ಟಿಕ್ಕಿನಿಂದ ಕಟ್ಟಿ, ಮರದ ಚೌಕಟ್ಟಿನಲ್ಲಿ ಭದ್ರ ಮಾಡಿ ಲಾರಿ ಪಾರ್ಸೆಲಿನಲ್ಲಿ ಬೆಂಗಳೂರಿಗೆ ಕಳಿಸಿದರು. ಅಲ್ಲಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೆಲಸವನ್ನಷ್ಟೇ ಮಾಡುವ ಮೇಸ್ತ್ರಿಯೊಬ್ಬರು ಅವರಿಗೆ ಪರಿಚಯ. ಬಿಚ್ಚುವಾಗ ನಾನೂ ಇರಬೇಕು ಎಂದು ಕೇಳಿಕೊಂಡಿದ್ದೆ, ಮೇಸ್ತ್ರಿ ಖುಷಿಯಿಂದ ಒಪ್ಪಿದರು. ಶಿವಮೊಗ್ಗದಿಂದ ರೈಲು ಹತ್ತಿ ಹೋದೆ.

ಪ್ಯಾನ್ ತೆಗೆದಾಗ ಕಂಡಿದ್ದು ನೊರೆ ಕಟ್ಟಿದ ಗುಲಾಬಿ ಕೆನೆ, ಅದರ ಅಡಿಯಲ್ಲಿ ಬೇರೆಯಾಗಿ ನಿಂತಿದ್ದ ಹಸಿರು ಛಾಯೆಯ ನೀರು. ಪ್ಯಾನಿನ ಮೂಲೆಯಲ್ಲಿ ಮ್ಯಾಗ್ನೆಟ್ ಇರುತ್ತದೆ. ಅದಕ್ಕೆ ಬೂದುಬಣ್ಣದ ನುಣುಪು ಪುಡಿ ಅಂಟಿದ್ದರೆ ಗಾಬರಿ ಬೇಡ, ಅದು ಮಾಮೂಲಿ ಸವೆತ. ಚೂಪಾದ ಚೂರುಗಳಿದ್ದರೆ ಗೇರೋ ಬೇರಿಂಗೋ ಒಡೆದಿದೆ ಎಂದರ್ಥ. ನಮ್ಮದರಲ್ಲಿ ಚೂರು ಇರಲಿಲ್ಲ. ಗೇರಿನ ಹಲ್ಲುಗಳೆಲ್ಲ ಚೆನ್ನಾಗಿದ್ದವು. ಅದನ್ನು ಕೇಳಿ ನಿಜಕ್ಕೂ ಸಮಾಧಾನವಾಯಿತು, ಯಾಕೆಂದರೆ ಅವು ಹೋಗಿದ್ದರೆ ರಿಪೇರಿಗೆ ಅರ್ಥವೇ ಇರುತ್ತಿರಲಿಲ್ಲ.

ಕ್ಲಚ್ ಪ್ಲೇಟುಗಳನ್ನು ಒಂದೊಂದಾಗಿ ಮೇಜಿನ ಮೇಲೆ ಜೋಡಿಸಿದರು. ನೋಡಲು ಕೆಲವು ಹೊಸದರಂತೆಯೇ ಇದ್ದವು. ಮೇಸ್ತ್ರಿ ಅಂಥದ್ದೇ ಒಂದನ್ನು ನನ್ನ ಕೈಗೆ ಕೊಟ್ಟು, "ಉಗುರಲ್ಲಿ ಕೆರೀರಿ" ಅಂದರು. ಹೆಬ್ಬೆರಳಿನ ಉಗುರಿಗೇ ಲೈನಿಂಗ್ ಎದ್ದು ಬಂತು. ಕೆಳಗೆ ಉಕ್ಕು ಬೆಳ್ಳಗೆ ಹೊಳೆಯುತ್ತಿತ್ತು. ಹೊಸ ಪ್ಲೇಟ್ ಕೊಟ್ಟು ಅದನ್ನೂ ಕೆರೆಯಲು ಹೇಳಿದರು. ಉಗುರು ಜಾರಿತು, ಲೈನಿಂಗ್ ಅಲುಗಲಿಲ್ಲ. ಫ್ಲಶ್ ಸಾಕಿತ್ತೇನೋ ಎಂಬ ಅನುಮಾನ ನನ್ನ ಮನಸ್ಸಿನ ಮೂಲೆಯಲ್ಲಿ ಉಳಿದಿದ್ದರೆ ಅದು ಅಲ್ಲಿಗೆ ಹೋಯಿತು. ಅವುಗಳ ನಡುವೆ ಬರುವ, ಲೈನಿಂಗ್ ಇಲ್ಲದ ಬರೀ ಉಕ್ಕಿನ ಪ್ಲೇಟುಗಳ ಮೇಲೆ ತುಕ್ಕಿನ ಚುಕ್ಕೆಗಳಿದ್ದವು. ವಾಲ್ವ್ ಬಾಡಿ ಎಂಬ ಭಾಗದಲ್ಲಿ ಪೆನ್ಸಿಲಿನಷ್ಟು ದಪ್ಪದ ವಾಲ್ವುಗಳು ಸಣ್ಣ ಕಾಲುವೆಗಳಲ್ಲಿ ಜಾರುತ್ತಿರಬೇಕು. ಯಾವ ಗೇರಿಗೆ ಆಯಿಲ್ ಹೋಗಬೇಕು ಎಂದು ತೀರ್ಮಾನ ಮಾಡುವುದು ಅವೇ. ಎರಡು ಅಂಟಿಕೊಂಡಿದ್ದವು. ಉದುರಿದ ಲೈನಿಂಗಿನ ಪುಡಿ ಅಲ್ಲೆಲ್ಲ ಮೆತ್ತಿತ್ತು.

ಕನ್ವರ್ಟರ್ ಬೆಸುಗೆ ಹಾಕಿ ಮುಚ್ಚಿದ ಡಬ್ಬಿ. ಅದನ್ನು ಲೇತಿಗೆ ಕೂರಿಸಿ ಬೆಸುಗೆಯ ಸಾಲಿನ ಉದ್ದಕ್ಕೂ ಕತ್ತರಿಸಿದರು. ಒಳಗೆ ಲಾಕ್‌ಅಪ್ ಕ್ಲಚ್ ಇದೆ. ಒಂದೇ ವೇಗದಲ್ಲಿ ಹೋಗುವಾಗ ಅದು ಎಂಜಿನ್ನನ್ನೂ ಗೇರನ್ನೂ ನೇರವಾಗಿ ಹಿಡಿದುಕೊಳ್ಳುತ್ತದೆ. ಅದರ ಲೈನಿಂಗ್ ಅರ್ಧಕ್ಕಿಂತ ಜಾಸ್ತಿ ಎದ್ದು ಹೋಗಿತ್ತು. ಮಂಡಗದ್ದೆ ರಸ್ತೆಯ ನಡುಕ ಹುಟ್ಟಿದ್ದು ಇಲ್ಲಿಂದ. ಹಗುರ ಕಾಲಿನಲ್ಲಿ ಹೋಗುವಾಗ ಲಾಕ್‌ಅಪ್ ಹಿಡಿಯಲು ನೋಡುತ್ತದೆ, ಹಿಡಿಯಲಾಗದೆ ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಜೋರಾಗಿ ಒತ್ತಿದಾಗ ಕಂಪ್ಯೂಟರ್ ಲಾಕ್‌ಅಪ್ಪನ್ನೇ ಬಿಡಿಸುತ್ತದೆ, ನಡುಕ ನಿಲ್ಲುತ್ತದೆ.

ಎಲ್ಲ ಕ್ಲಚ್ ಪ್ಲೇಟ್, ಎಲ್ಲ ಸೀಲು, ಫಿಲ್ಟರ್, ಸೊಲೆನಾಯ್ಡ್ (ಕರೆಂಟಿನಿಂದ ಆಯಿಲಿನ ದಾರಿ ತೆರೆದು ಮುಚ್ಚುವ ಭಾಗ), ತುಕ್ಕು ಹಿಡಿದಿದ್ದ ಸೂಜಿ ಬೇರಿಂಗ್ ಬದಲಾದವು. ಚೆನ್ನಾಗಿ ಕಾಣುವ ಪ್ಲೇಟುಗಳನ್ನು ಉಳಿಸಿಕೊಂಡರೆ ಖರ್ಚು ಕಡಿಮೆ ಆಗುತ್ತಿತ್ತು. ಮೇಸ್ತ್ರಿ ಅದಕ್ಕೆ ಒಪ್ಪಲಿಲ್ಲ, ಅವರ ಮಾತು ನನಗೂ ಸರಿ ಕಂಡಿತು. ಸಾಮಾನು ಹೊರಗಿನಿಂದ ಬರಬೇಕಿದ್ದರಿಂದ ಕಾಯಬೇಕಾಯಿತು. ಕನ್ವರ್ಟರಿಗೆ ಹೊಸ ಲೈನಿಂಗ್ ಕೂರಿಸಿ, ಮತ್ತೆ ಬೆಸೆದು, ಬ್ಯಾಲೆನ್ಸ್ ಮಾಡಿದರು. ರೇಡಿಯೇಟರ್, ಸಾಗಣೆ, ಭಾಯ್ ಕೂಲಿ ಎಲ್ಲ ಸೇರಿ ಖರ್ಚು ಎರಡು ಲಕ್ಷದ ಹತ್ತಿರ ಬಂತು. ನಮ್ಮಂಥ ಮನೆಗೆ ಸಣ್ಣ ಮೊತ್ತವಲ್ಲ, ಅಡಿಕೆ ದುಡ್ಡು ಬಂದಿದ್ದರಿಂದ ಆಯಿತು.

ಗೇರ್‌ಬಾಕ್ಸ್ ವಾಪಸು ಬರುವುದರೊಳಗೆ ಭಾಯ್ ಎಂಜಿನಿನ ಕೂಲಂಟ್ ದಾರಿಯನ್ನೆಲ್ಲ ತೊಳೆದಿದ್ದರು. ಇದನ್ನು ಎಷ್ಟೋ ಕಡೆ ಮರೆಯುತ್ತಾರೆ. ಆಯಿಲ್ ಕೂಲಂಟಿಗೂ ಹೋಗಿದೆ ಅಲ್ವಾ? ರೇಡಿಯೇಟರ್ ಹೋಸುಗಳನ್ನು ಸಾಮಾನ್ಯವಾಗಿ ಇಪಿಡಿಎಂ ಎಂಬ ರಬ್ಬರಿನಿಂದ ಮಾಡುತ್ತಾರೆ. ಅದು ಬಿಸಿ ಕೂಲಂಟನ್ನು ವರ್ಷಗಟ್ಟಲೆ ತಡೆಯುತ್ತದೆ, ಆಯಿಲನ್ನು ತಡೆಯುವುದಿಲ್ಲ. ಊದಿ ಮೆತ್ತಗಾಗುತ್ತದೆ. ನಮ್ಮ ಮೇಲಿನ ಹೋಸನ್ನು ಎರಡು ಬೆರಳಲ್ಲಿ ಹಿಸುಕಿದರೆ ಒಂದಕ್ಕೊಂದು ತಾಗುತ್ತಿತ್ತು. ಎಲ್ಲ ಹೋಸ್ ಮತ್ತು ಥರ್ಮೋಸ್ಟಾಟ್ ಬದಲಿಸಿದೆವು. ನೀರಿನ ಮೇಲೆ ಜಿಡ್ಡು ತೇಲುವುದು ನಿಲ್ಲುವ ತನಕ ತೊಳೆದು, ಕೊನೆಗೆ ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಬೆರೆಸಿ ತುಂಬಿದರು.

ಒಂದು ವಿಷಯದಲ್ಲಿ ಮಾತ್ರ ಭಾಯ್‌ಗೂ ಮೇಸ್ತ್ರಿಗೂ ಅಭಿಪ್ರಾಯ ಬೇರೆ. ಹೊಸ ರೇಡಿಯೇಟರಿನ ಒಳಗೂ ಅದೇ ತರಹದ ಆಯಿಲ್ ಕೂಲರ್ ಇದೆ. ಹೊಸದು ತಾನೆ, ಕಂಪನಿ ಮಾಡಿದ ಹಾಗೇ ಇರಲಿ ಎಂದರು ಮೇಸ್ತ್ರಿ. ಆಯಿಲ್ ಬೇಗ ಹದವಾದ ಬಿಸಿಗೆ ಬರಲು ಕೂಲಂಟ್ ಸಹಾಯ ಮಾಡುತ್ತದೆ ಎಂಬ ಅವರ ಕಾರಣವೂ ನಿಜ. ಭಾಯ್ ಅದನ್ನು ಬಿಟ್ಟು ರೇಡಿಯೇಟರಿನ ಮುಂದೆ ಗಾಳಿಗೆ ತಣಿಯುವ ಬೇರೆ ಕೂಲರ್ ಹಾಕಿಸಿ, ಎರಡೂ ದ್ರವ ಒಂದೇ ಟ್ಯಾಂಕಿನೊಳಗೆ ಇರುವುದೇ ಬೇಡ ಅಂದರು. ಬಹಳ ಚಳಿ ಬೀಳುವ ದೇಶದಲ್ಲಾದರೆ ಮೇಸ್ತ್ರಿ ಹೇಳಿದ್ದೇ ಸರಿ. ನಮ್ಮ ಕಡೆ ಡಿಸೆಂಬರಿನ ಬೆಳಗ್ಗೆಯೂ ಅಂಥ ಚಳಿ ಇಲ್ಲ. ನಾನು ಭಾಯ್ ಮಾತು ಕೇಳಿದೆ. ಆಯಿಲ್ ಹೆಚ್ಚು ತಣ್ಣಗಾಗದ ಹಾಗೆ, ಬಿಸಿಯಾದ ಮೇಲೆ ಮಾತ್ರ ಕೂಲರಿಗೆ ಬಿಡುವ ಸಣ್ಣ ಥರ್ಮೋಸ್ಟಾಟ್ ವಾಲ್ವನ್ನೂ ಹಾಕಿಸಿದೆ.

ಆಯಿಲ್ ತುಂಬುವಾಗ ಮ್ಯಾನುಯಲ್ ಪುಸ್ತಕ ತೆಗೆದು ಅದರಲ್ಲಿ ಬರೆದ ದರ್ಜೆಯದ್ದನ್ನೇ ತರಿಸಿದೆವು. ಕೆಂಪಗಿದ್ದರೆ ಎಲ್ಲ ಒಂದೇ ಅಲ್ಲ. ಡೆಕ್ಸ್‌ರಾನ್, ಮರ್ಕಾನ್, ಡಬ್ಲ್ಯುಎಸ್, ಎಸ್‌ಪಿ-4 ಹೀಗೆ ಒಂದೊಂದರ ಜಾರುವ ಗುಣ ಬೇರೆ, ಗೇರ್‌ಬಾಕ್ಸ್ ಅದಕ್ಕೆ ತಕ್ಕ ಹಾಗೆ ಹೊಂದಿಸಿರುತ್ತದೆ. ಸ್ಕ್ಯಾನರ್ ಹಾಕಿ ಗೇರ್ ಕಂಪ್ಯೂಟರಿನ ಹಳೆಯ ಲೆಕ್ಕ ಅಳಿಸಿದರು. ಸವೆದ ಪ್ಲೇಟಿಗೆ ಹೊಂದಿಕೊಂಡು ಅದು ಒತ್ತಡ ಏರಿಸಿಟ್ಟುಕೊಂಡಿರುತ್ತದೆ, ಹೊಸ ಪ್ಲೇಟಿಗೆ ಅದೇ ಒತ್ತಡ ಬಂದರೆ ಗೇರ್ ಬೀಳುವಾಗ ಕುಕ್ಕುತ್ತದೆ. ನಮ್ಮದೂ ಮೊದಮೊದಲು ಎರಡರಿಂದ ಮೂರಕ್ಕೆ ಬೀಳುವಾಗ ಸ್ವಲ್ಪ ಕುಕ್ಕಿತು, ಓಡಿದ ಹಾಗೆ ಸರಿಯಾಯಿತು.

ಸ್ವಲ್ಪ ಕಿಲೋಮೀಟರ್ ಓಡಿಸಿ ಆಯಿಲ್ ಮತ್ತೊಮ್ಮೆ ಬದಲಿಸಿದೆವು. ಬಂದದ್ದು ತಿಳಿ ಕೆಂಪು. ಬಿಸಿ ತಗಡಿನ ಪರೀಕ್ಷೆ ಮಾಡಿದರು, ಸಿಡಿಯಲಿಲ್ಲ.

ಈಗ ಗಾಡಿಯ ಒಬಿಡಿ ಪೋರ್ಟಿಗೆ, ಅಂದರೆ ಸ್ಕ್ಯಾನರ್ ಸಿಕ್ಕಿಸುವ ಜಾಗಕ್ಕೆ, ಸಣ್ಣ ಬ್ಲೂಟೂತ್ ಯಂತ್ರ ಸಿಕ್ಕಿಸಿ, ಗೇರ್ ಆಯಿಲಿನ ಬಿಸಿಯನ್ನು ಫೋನಿನಲ್ಲಿ ನೋಡುತ್ತೇನೆ. ಶಿವಮೊಗ್ಗ ರಸ್ತೆಯಲ್ಲಿ 80 ಡಿಗ್ರಿ ಆಸುಪಾಸು ಇರುತ್ತದೆ. ಸೋಮೇಶ್ವರದಿಂದ ಮೇಲೆ ಹತ್ತುವಾಗ 95ರ ತನಕ ಏರಿ, ಆಗುಂಬೆ ದಾಟಿದ ಮೇಲೆ ಇಳಿಯುತ್ತದೆ. ತಿರುವುಗಳಲ್ಲಿ ಮ್ಯಾನುಯಲ್ ಮೋಡಿಗೆ ಹಾಕಿ ಎರಡನೇ ಗೇರಿನಲ್ಲೇ ಹತ್ತುತ್ತೇನೆ. ಗೇರ್ ಮೇಲೆ ಕೆಳಗೆ ಆಡುತ್ತಿದ್ದರೆ ಕನ್ವರ್ಟರ್ ಜಾರಿ ಬಿಸಿ ಜಾಸ್ತಿಯಾಗುತ್ತದೆ. ಇಳಿಯುವಾಗಲೂ ಹಾಗೇ, ಬ್ರೇಕಿಗೂ ಒಳ್ಳೆಯದು. ಅಮ್ಮನಿಗೆ ಗಾಡಿಯ ನಡುಕ ಹೋಗಿದ್ದು ನನಗಿಂತ ಮೊದಲೇ ಗೊತ್ತಾಯಿತು. ಹೆಬ್ರಿ ದಾಟುವಾಗ ನಿದ್ದೆ ಮಾಡಿದ್ದರು.

ಕೊಪ್ಪದ ಭಾವನ ಬಳಿಯೂ ಇಂಥದ್ದೇ ಹಳೆಯ ಆಟೋಮ್ಯಾಟಿಕ್ ಇದೆ. ಇದನ್ನೆಲ್ಲ ಕೇಳಿದ ಮೇಲೆ ಅವರು ಗಾಡಿ ತಣ್ಣಗಿರುವಾಗ ಕೂಲಂಟ್ ಮುಚ್ಚಳ ತೆಗೆದು ನೋಡಿದರು. ಜಿಡ್ಡು ಇಲ್ಲ, ಆದರೆ ನೀರು ತುಕ್ಕಿನ ಬಣ್ಣಕ್ಕೆ ತಿರುಗಿದೆ. ಗೇರ್ ಆಯಿಲ್ ಇನ್ನೂ ಕೆಂಪಗೇ ಇದೆ. ರೇಡಿಯೇಟರ್ ಮೊದಲೇ ಬದಲಿಸಿಬಿಡುತ್ತೇನೆ ಎಂದು ಫೋನ್ ಮಾಡಿದ್ದರು. ಭಾಯ್ ನಂಬರ್ ಕೊಟ್ಟಿದ್ದೇನೆ. ಮುಂದಿನ ವಾರ ಗಾಡಿ ತರಲು ಹೇಳಿದ್ದಾರಂತೆ.